ಗಲ್ಲಿಗೂ ಹೆದರದ ಖೋಟಾ ನಾಣ್ಯ

ಖೋಟಾ ನಾಣ್ಯ ಹೆಚ್ಚಿತೆಂದರೆ ಶಿಕ್ಷೆ ಬಿಗಿ ಮಾಡಿ ಎನ್ನುವುದು ಎಲ್ಲ ಕಾಲದ ರೂಢಿ. ಬ್ರಿಟನ್ನಿನ ಅನುಭವ ಇದಕ್ಕೆ ಒಪ್ಪುವುದಿಲ್ಲ. ಚಿನ್ನ, ಬೆಳ್ಳಿಯ ಖೋಟಾ ನಾಣ್ಯ ಮಾಡಿದವರಿಗೆ ಅಲ್ಲಿ 1832ರವರೆಗೂ ಮರಣದಂಡನೆಯಿತ್ತು. 1790ಕ್ಕೆ ಮೊದಲು ಹೆಂಗಸರನ್ನು ಸುಡುವ ಕಾನೂನೂ ಇತ್ತು. ಆದರೂ ದಂಧೆ ನಿಲ್ಲಲಿಲ್ಲ, ಏಕೆಂದರೆ ತಪ್ಪು ಟಂಕಸಾಲೆಯಲ್ಲೇ ಇತ್ತು. ಟಂಕಸಾಲೆಯ ದರಕ್ಕಿಂತ ಪೇಟೆಯಲ್ಲಿ ಬೆಳ್ಳಿಗೆ ಹೆಚ್ಚು ಬೆಲೆಯಿದ್ದಾಗ ಅದನ್ನು ಅಚ್ಚಿಗೆ ತರುವವರು ಯಾರು? ಹೊಸ ನಾಣ್ಯ ಬರಲಿಲ್ಲ, ಹಳೆಯದು ಕೈಯಿಂದ ಕೈಗೆ ಸವೆಯಿತು. ರಾಜನ ಮುಖ, ಅಕ್ಷರ ಎಲ್ಲ ಅಳಿಸಿ ಷಿಲ್ಲಿಂಗ್ ಬರೀ ನುಣುಪು ಬಿಲ್ಲೆಯಾಯಿತು. ಅಂಥದ್ದನ್ನು ನಕಲು ಮಾಡಲು ಕುಶಲಕರ್ಮಿಯೇ ಬೇಕಿರಲಿಲ್ಲ! ಅಂಗಡಿಯವನೂ ಚಿಲ್ಲರೆ ಸಿಕ್ಕರೆ ಸಾಕೆಂದು ಕಣ್ಣು ಮುಚ್ಚಿ ಇಸಕೊಳ್ಳುತ್ತಿದ್ದ.

ಗಲ್ಲು ಮಾಡದ್ದನ್ನು 1816ರ ಕಾಯ್ದೆ ಬಹುಮಟ್ಟಿಗೆ ಮಾಡಿತು. ಒಂದು ಪೌಂಡ್ ಬೆಳ್ಳಿಯಿಂದ 62ರ ಬದಲು 66 ಷಿಲ್ಲಿಂಗ್ ಅಚ್ಚು ಹಾಕಿ, ನಾಣ್ಯ ಕರಗಿಸಿ ಬೆಳ್ಳಿ ಮಾರುವವರ ಲಾಭಕ್ಕೆ ಕತ್ತರಿ ಹಾಕಲಾಯಿತು. 1817ರ ಫೆಬ್ರವರಿಯಲ್ಲಿ ಹಳೆಯ ಬೆಳ್ಳಿ ನಾಣ್ಯ ಹಿಂಪಡೆದು, ಹಬೆಯಂತ್ರದಲ್ಲಿ ಒತ್ತಿದ, ಅಂಚಿಗೆ ಗೀರುಗಳಿದ್ದ ಹೊಸ ನಾಣ್ಯ ಕೊಟ್ಟರು. ಅದಾದ ಮೇಲೂ ಖೋಟಾ ಇತ್ತಲ್ಲ ಎನ್ನಬಹುದು. ನಿಜ, ಗಾರೆಯ ಅಚ್ಚಿನಲ್ಲಿ ತವರದ ಮಿಶ್ರಲೋಹ ಎರಕ ಹೊಯ್ದು, ಮುಂದೆ ಬ್ಯಾಟರಿಯಿಂದ ಬೆಳ್ಳಿ ಲೇಪಿಸುವವರೂ ಬಂದರು. ಆದರೆ ಆ ನಕಲನ್ನು ಹಿಡಿಯಲು ಪಕ್ಕದಲ್ಲಿಡಲು ಈಗ ಸ್ಪಷ್ಟ ಅಸಲಿಯಿತ್ತು: ಖೋಟಾವನ್ನು ಕಲ್ಲಿನ ಮೇಲೆ ಕುಟ್ಟಿದರೆ ಮೊಂಡು ಸದ್ದು, ಹಲ್ಲಿಗಿಟ್ಟರೆ ಮೆತ್ತಗೆ. ಅಲ್ಲಿಯವರೆಗೆ ಜನ ಗೊತ್ತಿದ್ದೂ ಸುಮ್ಮನಿರುತ್ತಿದ್ದರು. ಇನ್ನು ಖೋಟಾ ಮಾಡುವವನು ಪ್ರತಿ ಗಲ್ಲಾಪೆಟ್ಟಿಗೆಯ ಎದುರೂ ಹೊಸದಾಗಿ ಮೋಸ ಮಾಡಬೇಕಾಯಿತು.