ಎಚ್ಚರಿಕೆಯ ಬಾಯಿ ಮುಚ್ಚಿಸುವುದು ರಿಪೇರಿಯಲ್ಲ

ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ದುಡಿಯುವ, ಬೀದರ್ ಕಡೆಯ ನಮ್ಮ ಬಂಧುವೊಬ್ಬರ ಮನೆಗೆ ಮೊನ್ನೆ ಭಾನುವಾರ ಹೋಗಿದ್ದೆವು. ಮಗಳ ಓದಿಗೆಂದು ಅವರು ಹಳೆಯ ಕಂಪ್ಯೂಟರೊಂದನ್ನು ಕೊಂಡಿದ್ದಾರೆ. ಗುಂಡಿ ಒತ್ತಿದೊಡನೆ ಕಪ್ಪು ಪರದೆಯ ಮೇಲೆ ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ಬಿಳಿ ಅಕ್ಷರಗಳು ಮೂಡಿದವು. ಅದರ ಕೆಳಗೆ, ಮುಂದುವರಿಯಬೇಕಾದರೆ ಎಫ್ 1 ಒತ್ತಿ ಎಂಬ ಸೂಚನೆ. ಹುಡುಗಿ ಓದುವ ಗೋಜಿಗೇ ಹೋಗದೆ ಎಫ್ 1 ಒತ್ತಿದಳು. “ಏನವ್ವಾ ಅದು?” ಎಂದು ಕೇಳಿದೆವು. “ಅದು ದಿನಾ ಬರ್ತದ್ರಿ, ಏನಿಲ್ರಿ” ಎಂದಳು.

ದಿನಾ ಬರುತ್ತದೆ, ಆದುದರಿಂದ ಏನೂ ಇಲ್ಲ! ನಮ್ಮ ಜನರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿಲ್ಲ? ದಿನಾ ಬರುತ್ತದೆ ಎಂದರೆ ಏನೋ ಇದೆ ಎಂದೇ ಅರ್ಥ.

ಏನಿತ್ತೆಂಬುದು ಮಾತು ಮುಂದುವರಿದಂತೆ ತಿಳಿಯಿತು. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕಡೆಯ ದಿನ ಅರ್ಜಿಯ ಪುಟ ತೆರೆಯಲೇ ಇಲ್ಲವಂತೆ. ತಂದೆ ಅರ್ಧ ದಿನದ ಕೂಲಿ ಕಳೆದುಕೊಂಡು, ಮಗಳನ್ನು ಕರೆದುಕೊಂಡು ಪೇಟೆಯ ಅಂಗಡಿಗೆ ಓಡಬೇಕಾಯಿತು. ನೆಟ್ ಸರಿಯಿಲ್ಲವೆಂದು ಅವರು ತಿಳಿದಿದ್ದರು. ಪರದೆಯ ಮೂಲೆಯಲ್ಲಿದ್ದ ತಾರೀಖನ್ನು ನಾವು ತೋರಿಸಿದೆವು: 2010ರ ಜನವರಿ 1. ಅರ್ಜಿ, ಬ್ಯಾಂಕು, ಭವಿಷ್ಯನಿಧಿ ಮುಂತಾದ ಪುಟಗಳೆಲ್ಲ ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯುಂಟು. 2010ರಲ್ಲೇ ನಿಂತ ಯಂತ್ರಕ್ಕೆ ಇಂದಿನ ಪ್ರಮಾಣಪತ್ರ ಸುಳ್ಳಾಗಿ ಕಾಣುತ್ತದೆ. ಅದು ಬಾಗಿಲು ಹಾಕಿಕೊಳ್ಳುತ್ತದೆ.

ಇಷ್ಟಕ್ಕೆಲ್ಲ ಕಾರಣ ಒಂದು ಬಿಲ್ಲೆ ಬ್ಯಾಟರಿ. ಕಂಪ್ಯೂಟರನ್ನು ಆರಿಸಿದ ಮೇಲೂ ಅದರ ಗಡಿಯಾರ ಓಡುತ್ತಿರಬೇಕು. ಸೆಕೆಂಡಿಗೆ 32,768 ಸಲ ಮಿಡಿಯುವ ಪುಟ್ಟ ಹರಳೊಂದು ಆ ಲೆಕ್ಕವನ್ನು ಇಡುತ್ತದೆ. ಯಾವ ಡಿಸ್ಕಿನಿಂದ ಆರಂಭಿಸಬೇಕು ಎಂಬಂಥ ಏರ್ಪಾಡುಗಳನ್ನೂ ಹಳೆಯ ಯಂತ್ರಗಳು ಅದೇ ಬ್ಯಾಟರಿಯ ಬಲದಿಂದ ನೆನಪಿಡುತ್ತವೆ. 1984ರಲ್ಲಿ ಐಬಿಎಂ ಹೊರತಂದ ಪಿಸಿ ಎಟಿ ಯಂತ್ರದಿಂದ ಬಂದ ಪದ್ಧತಿಯಿದು. ಹೋಟೆಲಿನ ಗಲ್ಲೆಯಲ್ಲಿ ಕುಳಿತವರು ರಾತ್ರಿ ಬಿಲ್ಲುಗಳ ಮೊತ್ತವನ್ನೂ ಪೆಟ್ಟಿಗೆಯ ಹಣವನ್ನೂ ತಾಳೆ ನೋಡುವಂತೆ, ಯಂತ್ರವೂ ಏಳುವಾಗ ತನ್ನ ನೆನಪಿನ ಮೊತ್ತವನ್ನು ತಾಳೆ ನೋಡುತ್ತದೆ. ಬ್ಯಾಟರಿ ಸೊರಗಿದರೆ ನೆನಪು ಕೆಡುತ್ತದೆ, ಲೆಕ್ಕ ತಪ್ಪುತ್ತದೆ. ಆ ತಪ್ಪನ್ನೇ ಅದು ಪ್ರಾಮಾಣಿಕವಾಗಿ ಬರೆದು ತೋರಿಸುತ್ತದೆ.

ರಿಪೇರಿಯವನೊಬ್ಬ ಬೋರ್ಡೇ ಹೋಗಿದೆ, ಸಾವಿರಗಟ್ಟಲೆ ಆಗುತ್ತದೆ ಎಂದನಂತೆ. ಇನ್ನೊಬ್ಬ, ಪುಕ್ಕಟೆಯಾಗಿ ಆ ಸಾಲೇ ಬಾರದಂತೆ ಮಾಡಿಕೊಡುತ್ತೇನೆ ಎಂದನಂತೆ. ದೋಷವಿದ್ದರೂ ನಿಲ್ಲದೆ ಮುಂದೆ ಹೋಗು ಎಂದು ಯಂತ್ರಕ್ಕೆ ಹೇಳಿಡುವ ಏರ್ಪಾಡೂ ಉಂಟು. ಮೊದಲನೆಯವನು ಕೇಳಿದ್ದು ದುಡ್ಡು ಮಾತ್ರ. ಎರಡನೆಯವನ ಸಲಹೆ ಅದಕ್ಕಿಂತ ಕೆಟ್ಟದ್ದು.

ಮಿಲ್ಲಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆ ಹರಿದೊಡನೆ ಮಗ್ಗ ತಾನೇ ನಿಲ್ಲುವ ಏರ್ಪಾಡಿದೆ. ಅದನ್ನು ಕಟ್ಟಿಹಾಕಿದರೆ ಮಗ್ಗವೇನೋ ಓಡುತ್ತದೆ, ಆದರೆ ಬಟ್ಟೆ ಹಾಳು. ಅಡಿಗೆಮನೆಯಲ್ಲಿ ಕುಕ್ಕರಿನ ವಾಲ್ವು ಉಗಿ ಬಿಡುತ್ತದೆಂದು ಅದಕ್ಕೆ ಬಿರಡೆ ಜಡಿಯುವವರುಂಟೆ? ಭೋಪಾಲದ ಕಾರ್ಖಾನೆಯ ಅಪಾಯವನ್ನು ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಲ್ಲಿಯೇ ಬರೆದು ಎಚ್ಚರಿಸಿದ್ದರು. ಕೇಳಿದವರಿಲ್ಲ, 1984ರ ಡಿಸೆಂಬರಿನಲ್ಲಿ ಸಾವಿರಾರು ಜನ ಸತ್ತರು. ನಾವು ಹೋಗಿದ್ದ ಮನೆಗೆ ಪಾಶಮೈಲಾರಂ ದೂರವಲ್ಲ. ಅಲ್ಲಿಯ ಔಷಧ ಕಾರ್ಖಾನೆಯಲ್ಲಿ 2025ರ ಜೂನ್ 30ರಂದು ಆದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಕಾರ್ಮಿಕರು ಮಡಿದರು. ಅದರ ಕಾರಣವನ್ನು ಇಲ್ಲಿ ಚರ್ಚಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಂಥ ಊರಿನ ಮಕ್ಕಳು ಎಚ್ಚರಿಕೆಯನ್ನು ಓದದೆ ದಾಟಿಹೋಗುವ ಅಭ್ಯಾಸವನ್ನು ಮನೆಯಲ್ಲೇ ಕಲಿಯುವುದು ನಮಗೆ ಸರಿಕಾಣದು.

ಆದುದರಿಂದ ರಿಪೇರಿಯನ್ನು ನೀವೇ ಮಾಡಿ. ಬಿಲ್ಲೆಯ ಹೆಸರು ಸಿಆರ್ 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟು. ವಾಚಿನ ಅಂಗಡಿಯಲ್ಲಿ ತಿಂಡಿ ಕಾಫಿಯ ದುಡ್ಡಿಗೆ ಸಿಗುತ್ತದೆ. ಮೊದಲು, ಯಂತ್ರ ಏಳುವಾಗ ಡಿಲೀಟ್ ಅಥವಾ ಎಫ್ 2 ಒತ್ತಿ ಸೆಟಪ್ ಪುಟಗಳ ಫೋಟೋ ತೆಗೆದಿಡಿ. ಡಿಸ್ಕಿನ ವಿವರವಿರುವ ಪುಟವನ್ನಂತೂ ಬಿಡಬೇಡಿ. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಪಕ್ಕದ ತಗಡು ಬಿಚ್ಚಿ, ಪೆಟ್ಟಿಗೆಯ ಬರಿಯ ಲೋಹವನ್ನೊಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿದುಹೋಗಲಿ. ಹಳೆಯ ಬಿಲ್ಲೆ ಯಾವ ಕಡೆ ಮುಖ ಮಾಡಿದೆಯೆಂದು ನೋಡಿಕೊಂಡು, ಕೊಕ್ಕೆಯನ್ನು ಮೆಲ್ಲಗೆ ಸರಿಸಿ ತೆಗೆಯಿರಿ. ಹೊಸದನ್ನು ಹಾಗೆಯೇ ಕೂಡಿಸಿ. ಮತ್ತೆ ಸೆಟಪ್ಪಿಗೆ ಹೋಗಿ ತಾರೀಖು, ಸಮಯ ಸರಿಪಡಿಸಿ, ಉಳಿದದ್ದನ್ನು ಫೋಟೋದೊಡನೆ ಹೋಲಿಸಿ, ಉಳಿಸಿ ಹೊರಬನ್ನಿ. ಹೊಸ ಬಿಲ್ಲೆಯೂ ಕೆಲವೇ ತಿಂಗಳಲ್ಲಿ ಸತ್ತರೆ ಬೋರ್ಡನ್ನು ಅನುಮಾನಿಸಬೇಕು. ಲ್ಯಾಪ್‌ಟಾಪಿನಲ್ಲಿ ಬಿಲ್ಲೆಗೆ ತಂತಿ ಕಟ್ಟಿರುವುದುಂಟು. ಅದನ್ನು ಬಲ್ಲವರಿಗೆ ಬಿಡುವುದು ಮೇಲು.

ಎರಡು ಮಾತನ್ನು ಮರೆಯಬಾರದು. ತೆಗೆದ ಬಿಲ್ಲೆ ಸತ್ತಂತೆ ಕಂಡರೂ, ಎಳೆಯ ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಎರಡನೆಯದು, ಎಲ್ಲ ಎಚ್ಚರಿಕೆಯೂ ಬಿಲ್ಲೆಯದಲ್ಲ. ಹಾರ್ಡ್ ಡಿಸ್ಕಿನ ಬಗ್ಗೆ ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್’ ಎಂದು ಬಂದರೆ ಡಿಸ್ಕು ಕೈಕೊಡುವ ಸೂಚನೆ. ಅಂದೇ ಮಕ್ಕಳ ಪಾಠ, ಮನೆಯ ಚಿತ್ರ, ಕಾಗದಪತ್ರಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಳ್ಳಿ.

ಆ ಭಾನುವಾರ ಬೀದಿ ಮೂಲೆಯಿಂದ ಬಿಲ್ಲೆ ತಂದಾಯಿತು. ನಾವು ಕೈ ಹಚ್ಚಲಿಲ್ಲ. ಹುಡುಗಿಯೇ ಬದಲಿಸಿದಳು, ತಂದೆ ಟಾರ್ಚು ಹಿಡಿದರು. ಸೆಟಪ್ಪು ಮುಗಿಸಿ ಮತ್ತೆ ಹಚ್ಚಿದಾಗ ಕಪ್ಪು ಪರದೆ ಏನನ್ನೂ ಹೇಳದೆ ದಾಟಿಹೋಯಿತು. ನಿಮ್ಮ ಮನೆಯ ಯಂತ್ರವೂ ದಿನಾ ಏನಾದರೂ ಹೇಳುತ್ತಿದ್ದರೆ ಇಂದು ರಾತ್ರಿ ಆ ಸಾಲನ್ನು ಪೂರ್ತಿ ಓದಿ. ಅರ್ಥವಾಗದಿದ್ದರೆ ಬರೆದುಕೊಂಡು ಬಂದು ಬಲ್ಲವರನ್ನು ಕೇಳಿ. ಎಫ್ 1 ಒತ್ತುವುದು ಆಮೇಲಿನ ಮಾತು.