ಗೈಡ್ ಬಾಲೆಯರೂ ನಮ್ಮ ಸಂಘಗಳೂ

ಫೆಬ್ರುವರಿ 22ನೆಯ ತಾರೀಖನ್ನು ಜಗತ್ತಿನ 150ಕ್ಕೂ ಮಿಕ್ಕಿದ ದೇಶಗಳ ಗೈಡ್ ಬಾಲೆಯರು ವಿಶ್ವ ಚಿಂತನ ದಿನವೆಂದು ಆಚರಿಸುತ್ತಾರೆ. ಸ್ಕೌಟ್ ಚಳವಳಿಯ ಸ್ಥಾಪಕರಾದ ರಾಬರ್ಟ್ ಬೇಡನ್ ಪೊವೆಲ್ ಹಾಗೂ ವಿಶ್ವ ಚೀಫ್ ಗೈಡ್ ಆಗಿದ್ದ ಅವರ ಪತ್ನಿ ಒಲೇವ್, ಇವರಿಬ್ಬರ ಜನ್ಮದಿನವೂ ಅದೇ ಆಗಿರುವುದರಿಂದ 1926ರಲ್ಲಿ ಅಮೆರಿಕದಲ್ಲಿ ಕೂಡಿದ ನಾಲ್ಕನೆಯ ವಿಶ್ವ ಸಮ್ಮೇಳನವು ಆ ದಿನವನ್ನು ಗೊತ್ತುಮಾಡಿತು. 1932ರಲ್ಲಿ ಪೋಲೆಂಡಿನಲ್ಲಿ ಸಮ್ಮೇಳನ ಕೂಡಿದಾಗ ಬೆಲ್ಜಿಯಮಿನ ಪ್ರತಿನಿಧಿಯೊಬ್ಬರು, ಹುಟ್ಟುಹಬ್ಬವೆಂದ ಮೇಲೆ ಉಡುಗೊರೆಯೂ ಇರಬೇಕಲ್ಲವೆ ಎಂಬ ಸೂಚನೆಯನ್ನು ಮುಂದಿಟ್ಟರು. ಪ್ರತಿಯೊಬ್ಬ ಬಾಲೆಯೂ ಒಂದೊಂದು ಪೆನ್ನಿ ಕೊಟ್ಟರೆ ಸಾಕು ಎಂದು ಒಲೇವ್ ಅವರು ಪತ್ರ ಬರೆದರು. ಆ ಒಂದೊಂದು ಪೆನ್ನಿಯ ಕಾಣಿಕೆಯೇ ಬೆಳೆದು, ಇಂದಿಗೂ ಈ ದಿನದಂದು ಪರದೇಶದ ತಮ್ಮ ಸೋದರಿಯರಿಗಾಗಿ ಹಣ ಕೂಡಿಸುವ ವಾಡಿಕೆಯಾಗಿ ಉಳಿದಿದೆ.

ಈ ದಿನದ ಆಸುಪಾಸಿನಲ್ಲಿ ಶಾಲೆಗಳ, ಸ್ಥಳೀಯ ಸಂಸ್ಥೆಗಳ ವಾರ್ಷಿಕ ವರದಿಗಳು ನಮ್ಮ ಮೇಜಿನ ಮೇಲೆ ಬಂದು ಬೀಳುತ್ತವೆ. ಇಷ್ಟು ಸಸಿ ನೆಡಲಾಯಿತು, ಇಷ್ಟು ಬೀದಿ ಗುಡಿಸಲಾಯಿತು, ಇಷ್ಟು ಗಂಟೆಗಳ ಸೇವೆ ಸಂದಿತು, ಇಷ್ಟು ಮಂದಿಗೆ ಪ್ರಯೋಜನವಾಯಿತು ಎಂದು ಅವುಗಳಲ್ಲಿ ಪಟ್ಟಿಯ ಮೇಲೆ ಪಟ್ಟಿ. ನೆಟ್ಟ ಸಸಿಗಳ ಸಂಖ್ಯೆ ತಪ್ಪದೆ ಇರುತ್ತದೆ; ಮುಂದಿನ ಮಳೆಗಾಲದ ತನಕ ಬದುಕಿ ಉಳಿದ ಸಸಿಗಳ ಸಂಖ್ಯೆಯನ್ನು ಅಚ್ಚು ಹಾಕಿಸಿದ ವರದಿ ಮಾತ್ರ ಇಂದಿನವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಹೋಟೆಲಿನ ಗಲ್ಲೆಯಲ್ಲಿ ಕುಳಿತು ಬಂದ ನಮಗೆ ಲೆಕ್ಕದ ಮೇಲೆ ಅನಾದರವೇನೂ ಇಲ್ಲ. ಆದರೆ ದಿನಕ್ಕೆ ಎಷ್ಟು ದೋಸೆ ಹೊಯ್ದೆವು ಎಂಬುದು ಒಂದು ಲೆಕ್ಕ, ತಿಂದು ಹೋದವರು ಮರುದಿನ ಮರಳಿ ಬಂದರೇ ಎಂಬುದು ಇನ್ನೊಂದು ಲೆಕ್ಕ; ಅಂಗಡಿ ಬಾಳುವುದು ಎರಡನೆಯದರ ಮೇಲೆ.

ಹುಡುಗಿಯರ ಸಂಸ್ಥೆಯೊಂದು ಒಂದು ವರ್ಷದಲ್ಲಿ ಸಮಾಜಕ್ಕೆ ಕೊಟ್ಟುದೇನು ಎಂಬುದನ್ನು ಅಳೆಯಬೇಕಾದರೆ, ಆ ವರ್ಷ ಎಷ್ಟು ಹುಡುಗಿಯರು ಜೀವಮಾನದಲ್ಲಿ ಮೊತ್ತಮೊದಲ ಬಾರಿಗೆ ಒಂದು ಕಾರ್ಯದ ಪೂರ್ಣ ಹೊಣೆಯನ್ನು ಹೊತ್ತರು, ದೊಡ್ಡವರ ಕೈ ಬೀಳದೆ ಅದನ್ನು ಮುಗಿಸಿ ಲೆಕ್ಕ ಒಪ್ಪಿಸಿದರು ಎಂಬುದನ್ನು ಕೇಳಬೇಕು ಎಂದು ನಮ್ಮ ಅಭಿಪ್ರಾಯ. ಗೈಡ್ ಚಳವಳಿಯ ನಿಜವಾದ ಸತ್ತ್ವವಿರುವುದೂ ಇಲ್ಲಿಯೇ. ಸಮವಸ್ತ್ರ, ಕೊರಳಿನ ಸ್ಕಾರ್ಫು, ಎಡಗೈಯ ಹಸ್ತಲಾಘವ, ಇವು ನೋಡುವವರ ಕಣ್ಣಿಗೆ ಬೀಳುವ ಸಂಗತಿಗಳು. ಒಳಗಿನ ಏರ್ಪಾಡು ಬೇರೆಯೇ ಇದೆ. ಒಂದು ದಳವನ್ನು ಆರರಿಂದ ಎಂಟು ಹುಡುಗಿಯರ ಚಿಕ್ಕ ಚಿಕ್ಕ ತಂಡಗಳಾಗಿ ಒಡೆಯುತ್ತಾರೆ. ಈ ತಂಡಕ್ಕೆ ಪೆಟ್ರೋಲ್ ಎಂದು ಹೆಸರು. ಅದಕ್ಕೊಬ್ಬಳು ನಾಯಕಿ, ಅವಳಿಗೊಬ್ಬಳು ಸಹಾಯಕಿ. ಉಳಿದವರಲ್ಲಿ ಒಬ್ಬಳು ಹಣದ ಲೆಕ್ಕ ಬರೆಯುವಳು, ಒಬ್ಬಳು ಸಾಮಾನಿನ ಉಗ್ರಾಣ ನೋಡಿಕೊಳ್ಳುವಳು, ಇನ್ನೊಬ್ಬಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಜವಾಬುದಾರಳು. ಕೆಲಸವಿಲ್ಲದೆ ಸುಮ್ಮನೆ ಕುಳಿತಿರುವವಳು ಎಂದು ಒಬ್ಬಳೂ ಇರುವುದಿಲ್ಲ. ನಾಯಕಿಯರೆಲ್ಲ ಕೂಡಿದ ಸಭೆಗೆ ಕೋರ್ಟ್ ಆಫ್ ಆನರ್ ಎನ್ನುತ್ತಾರೆ. ಮುಂದಿನ ಶಿಬಿರ ಎಲ್ಲಿ, ಕೂಡಿದ ಹಣವನ್ನು ಯಾವುದಕ್ಕೆ ಖರ್ಚು ಮಾಡುವುದು, ನಿಯಮ ಮೀರಿದವಳ ಬಗ್ಗೆ ಏನು ಮಾಡುವುದು, ಇವೆಲ್ಲ ಅಲ್ಲಿ ತೀರ್ಮಾನವಾಗತಕ್ಕ ವಿಷಯಗಳು. ಕ್ಯಾಪ್ಟನ್ ಎಂದು ಕರೆಯುವ ದೊಡ್ಡ ಹೆಂಗಸು ಒಬ್ಬರು ಪಕ್ಕದಲ್ಲಿ ಇರುತ್ತಾರಾದರೂ ಸಲಹೆ ಕೊಡುವುದಷ್ಟೇ ಅವರ ಕೆಲಸ. ಹನ್ನೆರಡು ಹದಿಮೂರು ವರ್ಷದ ಹುಡುಗಿ ಸಭೆಯಲ್ಲಿ ಎದ್ದು ನಿಂತು, ಇದು ನನಗೆ ಸಮ್ಮತವಿಲ್ಲ ಎಂದು ಹೇಳಿ, ಬಹುಮತ ತನ್ನ ವಿರುದ್ಧ ಹೋದರೆ ಒಪ್ಪಿಕೊಂಡು, ಮತ್ತೆ ಅದೇ ಕೆಲಸಕ್ಕೆ ಮನಸ್ಸಿಟ್ಟು ಕೈಜೋಡಿಸುವುದನ್ನು ಕಲಿಯುತ್ತಾಳೆ. ನಮ್ಮ ಎಷ್ಟು ಸಂಘಗಳ ಕಾರ್ಯಕಾರಿ ಸಮಿತಿಗಳು ಈ ಪಾಠವನ್ನು ಕಲಿತಿವೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತದೆ ಮುಂದಕ್ಕೆ ಹೋಗುವುದು ಲೇಸು.

ಈ ಚಳವಳಿ ಹುಡುಗಿಯರಿಗೆ ಯಾರೋ ದಯಪಾಲಿಸಿದ ವರವಲ್ಲವೆಂಬುದೂ ನೆನಪಿನಲ್ಲಿಡತಕ್ಕ ವಿಷಯ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಾವಿರಾರು ಬಾಲಚರರ ಮೇಳ ಕೂಡಿದ್ದಾಗ ಕೆಲವು ಹುಡುಗಿಯರು ಕರೆಯದೆಯೇ ಬಂದು, ನಾವೂ ಸ್ಕೌಟುಗಳೇ ಎಂದು ನಿಂತರು. ಮರುವರ್ಷ ಬೇಡನ್ ಪೊವೆಲರ ಸೋದರಿ ಆಗ್ನೆಸ್ ಅವರ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಸಂಸ್ಥೆ ಹುಟ್ಟಿತು. 1912ರಲ್ಲಿ ಪ್ರಕಟವಾದ ಅದರ ಕೈಪಿಡಿಯ ಹೆಸರಿನಲ್ಲಿಯೇ ಸಾಮ್ರಾಜ್ಯವನ್ನು ಕಟ್ಟಲು ಹುಡುಗಿಯರು ನೆರವಾಗುವ ಮಾತು ಇತ್ತು. ನಮ್ಮ ದೇಶದಲ್ಲಿ 1911ರಲ್ಲಿ ಜಬಲ್ಪುರದಲ್ಲಿ ಮೊದಲ ದಳ ಏರ್ಪಟ್ಟಾಗ ಅದು ಯುರೋಪಿಯನ್ ಹಾಗೂ ಆಂಗ್ಲೋ ಇಂಡಿಯನ್ ಹುಡುಗಿಯರಿಗೆ ಮೀಸಲಾಗಿತ್ತು. ಭಾರತೀಯ ಬಾಲೆಯರಿಗೆ ಬಾಗಿಲು ತೆರೆದದ್ದು ಕೆಲವು ವರ್ಷಗಳ ಮೇಲೆ. ಸಾಮ್ರಾಜ್ಯಕ್ಕಾಗಿ ತಯಾರಾದ ಉಪಕರಣವನ್ನು ನಮ್ಮವರು ತೆಗೆದುಕೊಂಡು ದೇಶದ ಕೆಲಸಕ್ಕೆ ಹಚ್ಚಿದರು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡು, 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಸಂಸ್ಥೆಯೂ ಅದರಲ್ಲಿ ವಿಲೀನವಾಯಿತು. ಲಕ್ಷಾಂತರ ಹುಡುಗರೂ ಇರುವ ಆ ಸಂಸ್ಥೆಯ ರಾಷ್ಟ್ರೀಯ ಆಯುಕ್ತರ ಸ್ಥಾನದಲ್ಲಿ 1964ರಿಂದ 1983ರ ವರೆಗೆ ಇದ್ದವರು ಶ್ರೀಮತಿ ಲಕ್ಷ್ಮಿ ಮಜುಮ್ದಾರ್ ಎಂಬ ಮಹಿಳೆ. ದಿಲ್ಲಿಯಲ್ಲಿರುವ ಅದರ ಕೇಂದ್ರ ಕಚೇರಿಗೆ ಅವರ ಹೆಸರೇ ಇದೆ.

ಪುಣೆಯ ನಮ್ಮ ವಾಚಕರಿಗಂತೂ ಈ ಚಳವಳಿಯ ಒಂದು ವಿಶ್ವಕೇಂದ್ರವೇ ನೆರೆಮನೆಯಾಗಿದೆ. 1966ರ ಅಕ್ಟೋಬರ್ 16ರಂದು ಒಲೇವ್ ಬೇಡನ್ ಪೊವೆಲ್ ಅವರೇ ಬಂದು ಉದ್ಘಾಟಿಸಿದ 'ಸಂಗಮ್' ಎಂಬ ಆ ಕೇಂದ್ರಕ್ಕೆ ನಾನಾ ದೇಶಗಳಿಂದ ತರುಣಿಯರು ಬರುತ್ತಾರೆ. ಬಂದವರು ಊರು ನೋಡಿ ಹೊರಟುಹೋಗುವುದಿಲ್ಲ. ಪುಣೆಯ ಸೇವಾಸಂಸ್ಥೆಗಳಲ್ಲಿ ಕೆಲಸ ಮಾಡುತ್ತಾರೆ. ದೂರದೇಶದ ಹೆಣ್ಣುಮಕ್ಕಳು ವಿಮಾನ ಹತ್ತಿ ಬಂದು ಇಲ್ಲಿ ದುಡಿಯುತ್ತಿರುವಾಗ, ಅದೇ ನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ಆ ದ್ವಾರವನ್ನು ದಾಟಿದ್ದಾರೆಂದು ಪುಣೆಯ ಬಂಧುಗಳು ತಮ್ಮ ತಮ್ಮ ಮನೆಗಳಲ್ಲಿಯೇ ವಿಚಾರಿಸಿ ನೋಡಲಿ.

ಅಮೆರಿಕದಲ್ಲಿ ಜೂಲಿಯೆಟ್ ಗೋರ್ಡನ್ ಲೋ ಎಂಬಾಕೆ 1912ರ ಮಾರ್ಚ್ 12ರಂದು 18 ಮಂದಿ ಹುಡುಗಿಯರನ್ನು ಕೂಡಿಸಿ ಆರಂಭಿಸಿದ ಗರ್ಲ್ ಸ್ಕೌಟ್ಸ್ ಸಂಸ್ಥೆ ಬಿಸ್ಕತ್ತಿನ ಮಾರಾಟಕ್ಕೆ ಹೆಸರಾಗಿದೆ. 1917ರಲ್ಲಿ ಒಕ್ಲಹೋಮಾ ರಾಜ್ಯದ ಒಂದು ದಳ ಶಾಲೆಯಲ್ಲಿ ಬಿಸ್ಕತ್ತು ಮಾರಿ ಹಣ ಕೂಡಿಸಿತು. ಇಂದು ವರ್ಷಕ್ಕೆ ಸುಮಾರು 20 ಕೋಟಿ ಪೆಟ್ಟಿಗೆಗಳು ಮಾರಾಟವಾಗುತ್ತವೆ. ವ್ಯಾಪಾರ ಬಲ್ಲ ನಮ್ಮ ಜನರಿಗೆ ಈ ಸಂಖ್ಯೆ ರುಚಿಸದಿರದು. ಆದರೆ ಅದಕ್ಕಿಂತ ನಮ್ಮನ್ನು ಆಕರ್ಷಿಸಿದುದು, ದಳದ ಪಾಲಿಗೆ ಬಂದ ಹಣವನ್ನು ಹೇಗೆ ಬಳಸಬೇಕೆಂಬುದನ್ನು ಹುಡುಗಿಯರೇ ಕೂತು ನಿರ್ಧರಿಸುತ್ತಾರೆಂಬ ಸಂಗತಿ. ಆ ಸಂಸ್ಥೆಯ ಗೋಲ್ಡ್ ಅವಾರ್ಡ್ ಎಂಬ ಅತ್ಯುನ್ನತ ಪ್ರಶಸ್ತಿಗೆ ಊರಿನ ಒಂದು ಕುಂದುಕೊರತೆಯನ್ನು ಹುಡುಗಿಯೇ ಗುರುತಿಸಿ, ಅದರ ಮೇಲೆ ಸುಮಾರು 80 ಗಂಟೆ ದುಡಿಯಬೇಕೆಂಬ ಸೂಚನೆ ಇದೆ. ಮೇಲಾಗಿ ಆಕೆ ಬಿಟ್ಟುಹೋದ ಮೇಲೂ ಆ ಕಾರ್ಯ ನಡೆದುಕೊಂಡು ಹೋಗುವಂತೆ ಏರ್ಪಾಡು ಮಾಡಿರಬೇಕು. ಸಸಿಗಳ ವಿಷಯದಲ್ಲಿ ನಾವು ಮೇಲೆ ಕೇಳಿದ ಪ್ರಶ್ನೆಗೆ ಇದೇ ಉತ್ತರ. ನಮ್ಮಲ್ಲಿಯೂ ಈ ದಾರಿ ಇಲ್ಲದಿಲ್ಲ. ಖರೀ ಕಮಾಯಿ ಎಂಬ ಹೆಸರಿನಲ್ಲಿ ಸ್ಕೌಟು ಗೈಡುಗಳು ನೆರೆಹೊರೆಯ ಚಿಕ್ಕಪುಟ್ಟ ಕೆಲಸಗಳನ್ನು ಮಾಡಿಕೊಟ್ಟು ದುಡಿಮೆಯ ಹಣವನ್ನು ದಳಕ್ಕೆ ತರುತ್ತಾರೆ. ಬೇಡಿ ತಂದ ವಂತಿಗೆಗೂ ದುಡಿದು ತಂದ ರೂಪಾಯಿಗೂ ಇರುವ ಅಂತರವನ್ನು ನಮ್ಮವರಿಗೆ ವಿವರಿಸಬೇಕಾದುದಿಲ್ಲ.

ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಮಂತ್ರಿಗಳ ಸಮಾರಂಭದಲ್ಲಿ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಚಪ್ಪಾಳೆ ತಟ್ಟುವುದಕ್ಕೆ ಈ ಮಕ್ಕಳನ್ನು ಒಯ್ಯುವ ಪದ್ಧತಿ ಖಂಡನಾರ್ಹವಾಗಿದೆ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳ ಪ್ರಮಾಣಪತ್ರ ಕೈಸೇರುತ್ತಲೇ ಸಮವಸ್ತ್ರವನ್ನು ಮಡಿಸಿಡುವವರು ಅನೇಕರಿದ್ದಾರೆ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟು ಗೈಡುಗಳಿಗೆ ಪ್ರತ್ಯೇಕ ಸ್ಥಾನಗಳಿರುವುದೂ ಸೇರುವವರ ಮನಸ್ಸಿನಲ್ಲಿ ಇಲ್ಲದಿಲ್ಲ. ಅದರಲ್ಲಿ ತಪ್ಪನ್ನು ಕಾಣಲಾರೆವು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನೌಕರಿಯ ಆಸೆಯನ್ನು ಹೀಗಳೆಯುವುದು ಚೆಂದವಲ್ಲ.

ನಾವು ಹೇಳಬೇಕೆಂದಿರುವುದು ನಮ್ಮ ಮನೆಯ ಮಾತು. ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ತೆರೆದರು. ಅಲ್ಲಿ ಅಕ್ಷರದೊಂದಿಗೆ ಭಾಷಣ ಮಾಡುವುದು, ನಾಟಕ ಆಡುವುದು, ಸಭೆ ನಡೆಸುವುದು ಇವನ್ನೂ ಕಲಿತ ಹುಡುಗರೇ ಮುಂದೆ ಸಂಘಗಳ ಅಧ್ಯಕ್ಷರೂ ಕಾರ್ಯದರ್ಶಿಗಳೂ ಆದರು. ಹುಡುಗಿಯರಿಗಾಗಿ ಅಂಥ ಏರ್ಪಾಡನ್ನು ಮಾಡಿದವರು ವಿರಳ. ಹುಡುಗಿ ಹಗಲುಶಾಲೆಗೆ ಹೋಗುತ್ತಾಳೆ, ಭರತನಾಟ್ಯ ಕಲಿಯುತ್ತಾಳೆ, ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡುತ್ತಾಳೆ, ಸಾಕಲ್ಲವೆ ಎಂಬುದು ನಮ್ಮ ಧೋರಣೆ. ಮಹಿಳಾ ವಿಭಾಗವೆಂಬುದು ಪ್ರತಿಯೊಂದು ಸಂಘದಲ್ಲಿಯೂ ಉಂಟು. ರಂಗವಲ್ಲಿ, ಪೂರ್ಣಕುಂಭ, ಅರಿಸಿನ ಕುಂಕುಮ ಇಷ್ಟರ ಆಚೆಗೆ ಖಜಾನೆಯ ಕೀಲಿಕೈ ಎಂದಾದರೂ ಅದರ ಕೈಗೆ ಹೋದದ್ದುಂಟೆ?

ಕೆಲವು ಕಾಲದ ಹಿಂದೆ ಉಪನಗರವೊಂದರ ಸಂಘದ ವಾರ್ಷಿಕೋತ್ಸವಕ್ಕೆ ನಾವು ಹೋಗಿದ್ದೆವು. ಸಭಾಗೃಹ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಸೆಕೆಗೆ ಮೂರ್ಛೆಹೋದರು. ಗಂಡಸರು ನೀರು ನೀರು ಎಂದು ಕೂಗುತ್ತ ಸುತ್ತ ಮುತ್ತಿಕೊಂಡರು. ವೇದಿಕೆಯ ಮೇಲಿದ್ದ ನಾವೂ ಎದ್ದು ನಿಂತೆವಲ್ಲದೆ ಮತ್ತೇನನ್ನೂ ಮಾಡಲಿಲ್ಲ. ಅತಿಥಿಗಳಿಗೆ ಪನ್ನೀರು ಚಿಮುಕಿಸಲು ಬಾಗಿಲ ಬಳಿ ನಿಲ್ಲಿಸಿದ್ದ ಹದಿನಾಲ್ಕು ವರ್ಷದ ಹುಡುಗಿ ಗುಂಪನ್ನು ಸೀಳಿಕೊಂಡು ಬಂದು, ಎಲ್ಲರೂ ಹಿಂದಕ್ಕೆ ಸರಿಯಿರಿ, ಗಾಳಿ ಬರಲಿ ಎಂದಳು. ಅಜ್ಜಿಯನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಸೆರಗಿನ ಬಿಗಿ ಸಡಿಲಿಸಿ, ಎರಡು ಕುರ್ಚಿಮೆತ್ತೆಗಳನ್ನು ತರಿಸಿ ಕಾಲು ಎತ್ತರಿಸಿಟ್ಟಳು. ಪ್ರಜ್ಞೆ ಪೂರ್ತಿಯಾಗಿ ಬರುವ ತನಕ ಬಾಯಿಗೆ ನೀರು ಹಾಕಬೇಡಿ ಎಂದು ಅಧ್ಯಕ್ಷರನ್ನೇ ತಡೆದಳು. ಅಜ್ಜಿ ಕಣ್ಣು ತೆರೆದರು. ಆಕೆ ಶಾಲೆಯ ಗೈಡ್ ದಳದ ಪೆಟ್ರೋಲ್ ನಾಯಕಿಯೆಂದು ಆಮೇಲೆ ತಿಳಿಯಿತು. ವಂದನಾರ್ಪಣೆಯಲ್ಲಿ ಪೆಂಡಾಲಿನವರಿಗೆ, ಧ್ವನಿವರ್ಧಕದವರಿಗೆ, ಹೂವಿನವರಿಗೆ ಎಲ್ಲರಿಗೂ ಕೃತಜ್ಞತೆ ಸಂದಿತು. ಅವಳು ಮತ್ತೆ ಪನ್ನೀರದಾನಿ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಅಂದು ಅಧ್ಯಕ್ಷರ ಪಕ್ಕದಲ್ಲಿಯೇ ಕುಳಿತಿದ್ದ ನಾವು ಅವರ ಕಿವಿಯಲ್ಲಿ ಒಂದು ಮಾತು ಹಾಕಬಹುದಾಗಿತ್ತು, ಹಾಕಲಿಲ್ಲ. ಆ ವರ್ಷದ ಸಂಘದ ವರದಿಯಲ್ಲಿ ಆಕೆಯ ಹೆಸರಿಲ್ಲ; ಕಾರ್ಯಕ್ರಮದ ವಾರ್ತೆಯನ್ನು ಅಚ್ಚು ಹಾಕಿದ ಈ ಪತ್ರಿಕೆಯಲ್ಲಿಯೂ ಇರಲಿಲ್ಲ.

ಆ ಹುಡುಗಿ ಹತ್ತನೆಯ ತರಗತಿಗೆ ಬರುತ್ತಲೇ ಟ್ಯೂಷನ್ನಿನ ಸಲುವಾಗಿ ದಳ ಬಿಟ್ಟಳೆಂದು ಕೇಳಿದೆವು. ಇದು ಒಂದು ಮನೆಯ ಕಥೆಯಲ್ಲ. ರಾತ್ರಿ ಶಿಬಿರದಲ್ಲಿ ಉಳಿಯಲು ಹುಡುಗಿಯನ್ನು ಕಳುಹಿಸುವುದಕ್ಕೆ ತಾಯ್ತಂದೆಗಳಿಗೆ ಅಂಜಿಕೆ ಇರುವುದು ಸ್ವಾಭಾವಿಕ. ಪರಸ್ಥಳದಲ್ಲಿ ಬಾಳುವವರಿಗೆ ಅದು ಇನ್ನೂ ಹೆಚ್ಚು. ಆದರೆ ದಳವು ತಮ್ಮದೇ ಸಂಘದ ಛಾವಣಿಯ ಕೆಳಗೆ, ತಮಗೆ ಗೊತ್ತಿರುವ ಹೆಂಗಸರ ಮೇಲ್ವಿಚಾರಣೆಯಲ್ಲಿ ನಡೆಯುವುದಾದರೆ ಆ ಅಂಜಿಕೆಯ ಬಹುಪಾಲು ತಾನಾಗಿ ಕಡಿಮೆಯಾಗುವುದು. 2022ರ ಡಿಸೆಂಬರಿನಲ್ಲಿ ಮೂಡಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಒಂದು ವಾರ ನಡೆದಾಗ ಸಹಸ್ರಾರು ಹುಡುಗಿಯರು ಊರು ಬಿಟ್ಟು ಬಂದು ಅಲ್ಲಿ ವಾಸಿಸಿದರು. ನಮ್ಮ ತವರಿನ ಊರು ಪರರ ಮಕ್ಕಳನ್ನು ಹಾಗೆ ನೋಡಿಕೊಳ್ಳಬಲ್ಲದಾದರೆ ನಮ್ಮ ಮಕ್ಕಳನ್ನು ನಾವು ನೋಡಿಕೊಳ್ಳಲಾರೆವೆ?

ಗೈಡ್ ದಳ ಶಾಲೆಯಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಶಾಲೆಯ ಹೊರಗೆ ಓಪನ್ ಗ್ರೂಪ್ ಎಂಬ ಹೆಸರಿನಲ್ಲಿ ದಳ ಕಟ್ಟಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ನೋಂದಾಯಿಸಲು ಅವಕಾಶವಿದೆ. ಎರಡು ಪೆಟ್ರೋಲುಗಳಿಗೆ ಸಾಕಾಗುವಷ್ಟು, ಎಂದರೆ ಹನ್ನೆರಡರಿಂದ ಹದಿನಾರು ಮಂದಿ ಹುಡುಗಿಯರು, ತರಬೇತಿ ಪಡೆಯಲು ಸಿದ್ಧರಿರುವ ಇಬ್ಬರು ಹೆಂಗಸರು, ಭಾನುವಾರ ಬೆಳಿಗ್ಗೆ ಎರಡು ತಾಸು ಸಭಾಗೃಹ, ಇಷ್ಟಿದ್ದರೆ ಆರಂಭಿಸಬಹುದು. ಭಾನುವಾರ ಬೆಳಿಗ್ಗೆ ನಮ್ಮ ಬಹುತೇಕ ಸಭಾಗೃಹಗಳು ಬೀಗ ಹಾಕಿಕೊಂಡೇ ಇರುತ್ತವೆ. ಮದುವೆಯ ಬಾಡಿಗೆಗೆ ಕೊಡುವ ದಿನಗಳನ್ನು ಬಿಟ್ಟೇ ನಾವು ಈ ಮಾತನ್ನು ಹೇಳುತ್ತಿದ್ದೇವೆ, ಖಜಾಂಚಿಗಳು ಗಾಬರಿಯಾಗಬೇಕಾಗಿಲ್ಲ. ಮುಂಬಯಿಯ ವಡಾಲದಲ್ಲಿ, ಪುಣೆಯಲ್ಲಿ, ದಿಲ್ಲಿಯ ಲೋಧಿ ಎಸ್ಟೇಟಿನಲ್ಲಿ, ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರೇ ಕಟ್ಟಿದ ವಿದ್ಯಾಸಂಸ್ಥೆಗಳಿವೆ. ಅಲ್ಲಿನ ಆಡಳಿತ ಮಂಡಲಿಗಳೂ ಹಳೆಯ ವಿದ್ಯಾರ್ಥಿನಿಯರೂ ಮನಸ್ಸು ಮಾಡಿದರೆ ಮೊದಲ ಕ್ಯಾಪ್ಟನ್‌ಗಳಿಗೆ ಕೊರತೆಯಾಗದು.

ಒಂದು ಷರತ್ತನ್ನು ಮಾತ್ರ ನಾವು ಸೇರಿಸಲಿಚ್ಛಿಸುತ್ತೇವೆ. ದಳದ ಹಣವನ್ನು ಹುಡುಗಿಯರೇ ಇಟ್ಟುಕೊಳ್ಳಲಿ, ಲೆಕ್ಕವನ್ನು ಅವರೇ ಬರೆಯಲಿ, ಸಂಘದ ಮಹಾಸಭೆಯಲ್ಲಿ ಆ ಲೆಕ್ಕವನ್ನು ಅವರ ನಾಯಕಿಯೇ ಎದ್ದು ಓದಲಿ. ಕಾರ್ಯದರ್ಶಿಗಳು ಅವಳ ಪರವಾಗಿ ಓದುವುದು ಬೇಡ. ಹೀಗೆ ದಳ ಆರಂಭಿಸುವ ಸಂಘಗಳ ಪ್ರಕಟಣೆಗಳಿಗೂ ವರ್ಷಾಂತ್ಯದಲ್ಲಿ ಹುಡುಗಿಯರೇ ಬರೆದು ಕಳುಹಿಸುವ ವರದಿಗಳಿಗೂ, ಬದುಕಿ ಉಳಿದ ಸಸಿಗಳ ಸಂಖ್ಯೆಯನ್ನು ಅವುಗಳಲ್ಲಿ ತಪ್ಪದೆ ಕಾಣಿಸುವುದಾದರೆ, ಈ ಪತ್ರಿಕೆಯ ಸಂಘಸಂಸ್ಥೆಗಳ ಅಂಕಣದಲ್ಲಿ ಶುಲ್ಕವಿಲ್ಲದೆ ಸ್ಥಳ ಕೊಡಲಾಗುವುದು.