ಉಪಗ್ರಹದ ದಾರಿ, ಇಲಾಖೆಯ ರಸ್ತೆ

2024ನೆಯ ಇಸವಿಯ ನವೆಂಬರ್ 24ರಂದು, ಉತ್ತರಪ್ರದೇಶದ ಬರೇಲಿಯ ಹತ್ತಿರ ರಾಮಗಂಗಾ ನದಿಯ ಮೇಲಿನ ಮುರುಕು ಸೇತುವೆಯೊಂದರಿಂದ ಕಾರು ಕೆಳಗುರುಳಿ, ಮದುವೆಗೆಂದು ಹೊರಟಿದ್ದ ಮೂವರು ಅಸುನೀಗಿದಾಗ, ಪೊಲೀಸರು ದಾಖಲಿಸಿದ ಮೊಕದ್ದಮೆಯಲ್ಲಿ ಲೋಕೋಪಯೋಗಿ ಇಲಾಖೆಯ ನಾಲ್ವರು ಎಂಜಿನಿಯರುಗಳೊಡನೆ ಗೂಗಲ್ ಮ್ಯಾಪ್ಸ್‌ನ ಅಧಿಕಾರಿಯೊಬ್ಬರನ್ನೂ ಸೇರಿಸಿದರು. ಸೇತುವೆಯ ಒಂದು ಭಾಗವು ಪ್ರವಾಹದಲ್ಲಿ ಹಿಂದೆಯೇ ಕೊಚ್ಚಿಹೋಗಿದ್ದಿತು. ಆದರೆ ದಾರಿ ತೋರುವ ಯಂತ್ರದ ನಕ್ಷೆಯಲ್ಲಿ ಅದು ಅಖಂಡವಾಗಿಯೇ ಉಳಿದಿದ್ದಿತು. ಮರುದಿನದ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಎಂಜಿನಿಯರುಗಳು ಹಿಂದಕ್ಕೆ ಸರಿದು, ಯಂತ್ರವೇ ಪ್ರಧಾನ ಅಪರಾಧಿಯಾಗಿ ಮೆರೆಯಿತು. ಮೂಕವಾದುದರ ಮೇಲೆ ದೋಷವನ್ನು ಹೊರಿಸುವುದು ಯಾವಾಗಲೂ ಸುಲಭ. ಈ ಯಂತ್ರವಾದರೋ ಮಾತನಾಡಬಲ್ಲುದು, ಪ್ರತ್ಯುತ್ತರ ಕೊಡಲಾರದು.

ಮೊದಲು ಉಪಗ್ರಹದ ಪಾಲನ್ನು ವಿಂಗಡಿಸಿ ನೋಡುವುದು ನ್ಯಾಯ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಅಮೆರಿಕೆಯ ಜಿಪಿಎಸ್ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರಗಳು ತೋರುವ ಕಾಲವನ್ನೂ ತಮ್ಮ ಸ್ಥಾನವನ್ನೂ ಎಡೆಬಿಡದೆ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಹಿಡಿದು ನಮ್ಮ ಯಂತ್ರವು ತಾನಿರುವ ತಾಣವನ್ನು ಗಣಿಸಿಕೊಳ್ಳುತ್ತದೆ. ಕಾಲಗಣನೆಯಲ್ಲಿ ಸೆಕೆಂಡಿನ ದಶಲಕ್ಷದಲ್ಲೊಂದು ಅಂಶ ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರುಗಳಷ್ಟು ತಪ್ಪಾಗುವ ಈ ಸೂಕ್ಷ್ಮ ವ್ಯವಹಾರವು, ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕೆಯ ಸರ್ಕಾರವು 2000ನೆಯ ಇಸವಿಯ ಮೇ ತಿಂಗಳಲ್ಲಿ ಕೈಬಿಟ್ಟಂದಿನಿಂದ, ತೆರೆದ ಆಕಾಶದ ಕೆಳಗೆ ಕೆಲವೇ ಮೀಟರುಗಳ ಅಂತರದೊಳಗೆ ನಿಜವನ್ನು ನುಡಿಯುತ್ತ ಬಂದಿದೆ. ಸುರಂಗದೊಳಗೆ ಅದು ಕುರುಡಾಗುವುದುಂಟು. ಎತ್ತರದ ಕಟ್ಟಡಗಳ ನಡುವೆ ಸಂಕೇತವು ಗೋಡೆಗೆ ತಾಗಿ ಮರಳಿ ಬಂದು ಲೆಕ್ಕ ಕೆಡುವುದುಂಟು. ಬೆಂಗಳೂರಿನ ಹೆಬ್ಬಾಳದಲ್ಲಿ ವಾಹನವು ಮೇಲ್ಸೇತುವೆಯ ಮೇಲಿದೆಯೋ ಕೆಳಗಿನ ರಸ್ತೆಯಲ್ಲಿದೆಯೋ ಎಂಬುದರಲ್ಲಿ ಅದು ತಬ್ಬಿಬ್ಬಾಗುವುದೂ ಉಂಟು. ಇವು ದಾರಿ ತಪ್ಪಿಸಬಲ್ಲ ದೋಷಗಳೇ ಹೊರತು ಸಾಮಾನ್ಯವಾಗಿ ಪ್ರಾಣವನ್ನು ತೆಗೆಯತಕ್ಕವಲ್ಲ.

ಪ್ರಾಣಕ್ಕೆ ಎರವಾಗುವುದು ನಕ್ಷೆ. ನಾವು ಎಲ್ಲಿದ್ದೇವೆ ಎಂಬುದನ್ನು ಉಪಗ್ರಹವು ತಿಳಿಸೀತೇ ವಿನಾ, ನಮ್ಮ ಮುಂದೆ ರಸ್ತೆಯುಂಟು ಎಂದು ಅದು ಎಂದೂ ಭರವಸೆ ಕೊಡಲಿಲ್ಲ; ಆ ಭರವಸೆ ನಕ್ಷೆಯನ್ನು ರಚಿಸಿದವರದು, ಮತ್ತು ನಕ್ಷೆಯೆಂಬುದು ಯಾವುದೋ ಒಂದು ದಿನದ ಲೋಕದ ಚಿತ್ರ. ಮೇಲಾಗಿ, ದಾರಿಗಳಲ್ಲಿ ಒಂದನ್ನು ಆರಿಸಬೇಕಾದಾಗ ಯಂತ್ರವು ಮುಖ್ಯವಾಗಿ ನೋಡುವುದು ನಿಮಿಷಗಳ ಉಳಿತಾಯವನ್ನು. ಕಾಡಿನ ಬಂಡಿಜಾಡೂ ರಾಜ್ಯ ಹೆದ್ದಾರಿಯೂ ಅದರ ಲೆಕ್ಕದಲ್ಲಿ ಗೆರೆಗಳೇ. 2024ರ ಡಿಸೆಂಬರಿನಲ್ಲಿ ಗೋವೆಗೆ ಹೊರಟಿದ್ದ ಬಿಹಾರದ ಕುಟುಂಬವೊಂದು ಹೀಗೆ ಗೆರೆಯನ್ನು ನಂಬಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಅರಣ್ಯವನ್ನು ಹೊಕ್ಕು, ದೂರವಾಣಿಯ ಸಂಪರ್ಕವೂ ಇಲ್ಲದೆ ರಾತ್ರಿಯನ್ನು ಅಲ್ಲಿಯೇ ಕಳೆದು, ಕೊನೆಗೆ ಪೊಲೀಸರ ನೆರವಿನಿಂದ ಹೊರಬಂದಿತು. ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ಹೈದರಾಬಾದಿನ ಪ್ರವಾಸಿಗಳು, ರಸ್ತೆಯನ್ನು ಮುಳುಗಿಸಿದ್ದ ಮಳೆನೀರಿನಲ್ಲಿ ಯಂತ್ರ ತೋರಿದತ್ತ ಕಾರು ನಡೆಸಿ, ನೇರವಾಗಿ ತೊರೆಗೇ ಇಳಿದುದೂ ಆ ವರ್ಷವೇ. ಪುಣ್ಯಕ್ಕೆ ಎಲ್ಲರೂ ಬದುಕಿಕೊಂಡರು.

ಈ ಎಲ್ಲ ಪ್ರಸಂಗಗಳಲ್ಲಿಯೂ ಕೇಳತಕ್ಕ ಪ್ರಶ್ನೆ ಒಂದೇ: ರಸ್ತೆಯು ಕೆಟ್ಟಿತೆಂಬ ಸುದ್ದಿಯನ್ನು ನಕ್ಷೆಗಾರನಿಗೆ ಮುಟ್ಟಿಸುವ ಹೊಣೆ ಯಾರದು? ನಮ್ಮಲ್ಲಿಯೇ ನೋಡೋಣ. ಮಳೆಗಾಲದಲ್ಲಿ ಶಿರಾಡಿಯಲ್ಲಿಯೋ ಚಾರ್ಮಾಡಿಯಲ್ಲಿಯೋ ಗುಡ್ಡ ಕುಸಿದರೆ ಜಿಲ್ಲಾಧಿಕಾರಿಗಳು ವಾಹನಸಂಚಾರವನ್ನು ನಿರ್ಬಂಧಿಸಿ ಆಜ್ಞೆ ಹೊರಡಿಸುತ್ತಾರೆ. ಆ ಆಜ್ಞೆ ಪತ್ರಿಕೆಗಳಲ್ಲಿ ಬರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ, ಘಟ್ಟದ ಬುಡದ ತಪಾಸಣಾ ಠಾಣೆಗೂ ತಲಪುತ್ತದೆ. ಪರಊರಿನಿಂದ ರಾತ್ರಿಯೆಲ್ಲ ವಾಹನ ನಡೆಸಿಕೊಂಡು ಬರುವ ಚಾಲಕನು ನೆಚ್ಚಿಕೊಂಡ ನಕ್ಷೆಗೆ ಅದು ಅದೇ ಗಳಿಗೆಯಲ್ಲಿ ತಲಪಲೇಬೇಕೆಂಬ ಕಟ್ಟುಪಾಡನ್ನು ಮಾತ್ರ ಯಾರೂ ವಿಧಿಸಿದಂತಿಲ್ಲ. ಸಾವಿರಾರು ವಾಹನಗಳ ಚಲನೆಯಿಂದ ದಟ್ಟಣೆಯನ್ನು ಊಹಿಸುವ ಚಾತುರ್ಯವು ನಗರದ ವೃತ್ತಗಳಲ್ಲಿ ಫಲಿಸೀತು. ರಾತ್ರಿ ಹತ್ತಾರು ವಾಹನಗಳೂ ಸುಳಿಯದ ಹಳ್ಳಿಯ ಸೇತುವೆಯಲ್ಲಿ ಆ ಊಹೆಗೆ ಆಧಾರವೆಲ್ಲಿಂದ ಬರಬೇಕು? ಭಾರತವು ನಾವಿಕ್ ಎಂಬ ತನ್ನದೇ ಉಪಗ್ರಹಮಾಲೆಯನ್ನು ನಿರ್ಮಿಸಿಕೊಂಡು, ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಅದಕ್ಕೊಂದು ಕೇಂದ್ರವನ್ನು ಸ್ಥಾಪಿಸಿರುವುದು ಅಭಿಮಾನದ ಸಂಗತಿಯೇ ಆದರೂ, ಉಪಗ್ರಹವು ಸ್ವದೇಶದ್ದಾದ ಮಾತ್ರಕ್ಕೆ ಹಳೆಯ ನಕ್ಷೆ ಹೊಸದಾಗದು.

ಹಾಗೆಂದು ಯಂತ್ರವನ್ನು ತ್ಯಜಿಸೆಂಬ ವಾದವನ್ನು ನಾನು ಒಪ್ಪಲಾರೆ. ಗೂಡಂಗಡಿಗಳಲ್ಲಿ ದಾರಿ ಕೇಳಿಕೊಂಡು ಹೋಗುತ್ತಿದ್ದ ಕಾಲವನ್ನು ಕೊಂಡಾಡುವವರು, ಅಪರಾತ್ರಿಯಲ್ಲಿ ಗೂಡಂಗಡಿ ತೆರೆದಿರದೆಂಬುದನ್ನೂ, ಒಬ್ಬಳೇ ವಾಹನ ನಡೆಸುವ ಹೆಣ್ಣುಮಗಳು ನಿರ್ಜನವಾದ ತಿರುವಿನಲ್ಲಿ ನಿಂತು ಅಪರಿಚಿತರನ್ನು ಕೇಳಬೇಕಾಗುವ ಸಂಕಟವನ್ನೂ, ಕೊನೆಯ ಕ್ಷಣದಲ್ಲಿ ತಿರುವನ್ನು ಕಂಡು ಒಮ್ಮೆಗೇ ಎಡಕ್ಕೆ ಎಳೆಯುವವನು ಹಿಂದಿನ ವಾಹನಕ್ಕೆ ತಂದೊಡ್ಡುವ ಅಪಾಯವನ್ನೂ ಮರೆಯುತ್ತಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದ 1,68,491 ಮಂದಿಯಲ್ಲಿ ಬಹುಪಾಲಿನವರ ಸಾವಿಗೆ ಸರ್ಕಾರದ ವರದಿಯೇ ಹೇಳುವ ಕಾರಣ ಅತಿವೇಗ, ತಪ್ಪು ನಕ್ಷೆಯಲ್ಲ.

ಚಾಲಕನ ಕಣ್ಣಿನ ಮಾತು ಬೇರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಪರದೆಯನ್ನು ನೋಡಿದವನು 33 ಮೀಟರ್ ದೂರವನ್ನು ಕಣ್ಣು ಕಟ್ಟಿಕೊಂಡೇ ಕ್ರಮಿಸಿರುತ್ತಾನೆ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಮ್ಮ ನಿಯಮವು ಚಾಲನೆಯ ವೇಳೆ ಮೊಬೈಲನ್ನು ಮಾರ್ಗದರ್ಶನಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ ಬಳಸಬಹುದೆಂದು ಹೇಳಿ ಸುಮ್ಮನಾಯಿತು. ಏಕಾಗ್ರತೆ ಕೆಡದಂತೆ ಬಳಸುವುದು ಹೇಗೆಂದು ಕಲಿಸುವವರನ್ನು ಗೊತ್ತುಮಾಡಲಿಲ್ಲ. ಬ್ರಿಟನ್ನಿನಲ್ಲಾದರೆ 2017ರ ಡಿಸೆಂಬರ್ 4ರಿಂದ ಚಾಲನಾ ಪರೀಕ್ಷೆಯಲ್ಲಿಯೇ ಬಹುತೇಕ ಅಭ್ಯರ್ಥಿಗಳು ಈ ಯಂತ್ರವನ್ನನುಸರಿಸಿ ವಾಹನ ನಡೆಸಿ ತೋರಿಸಬೇಕು. ನಮ್ಮ ಸಾರಿಗೆ ಕಚೇರಿಗಳಲ್ಲಿ ಎಂಟು ಬರೆಸಿ ಲೈಸೆನ್ಸ್ ಕೊಡುವ ಪದ್ಧತಿಗೆ ಇದನ್ನು ಸೇರಿಸುವುದು ದುಸ್ಸಾಧ್ಯವೇನಲ್ಲ.

ಯಂತ್ರವು ಚಾಲಕನಿಗೆ ಉಪಕಾರಿಯೇ ಎಂಬುದು ನನ್ನ ನಿರ್ಣಯ. ಅದನ್ನು ಅಪಾಯಕಾರಿಯಾಗಿಸುವುದು ರಸ್ತೆಯ ಒಡೆಯರ ಮೌನ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 198ಎ ಕಲಮು, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ವಿಹಿತ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಸೇತುವೆಯನ್ನು ಮುಚ್ಚಿದ ದಿನವೇ ಅಡ್ಡಗೋಡೆಯನ್ನು ಕಟ್ಟುವುದನ್ನೂ, ಆ ದಿನವೇ ನಕ್ಷೆಯ ಸಂಸ್ಥೆಗಳಿಗೆ ಲಿಖಿತ ಸೂಚನೆ ಕಳುಹಿಸುವುದನ್ನೂ, ಸೂಚನೆ ದೊರೆತ ಮೇಲೆ ಇಂತಿಷ್ಟು ಗಂಟೆಗಳೊಳಗೆ ಆ ಗೆರೆಯನ್ನು ಸಂಸ್ಥೆಯವರು ಅಳಿಸುವುದನ್ನೂ ಆ ಕಲಮಿನ ಅಡಿಯಲ್ಲಿ ಸರ್ಕಾರವು ಕಡ್ಡಾಯಮಾಡಬೇಕು. ಅಲ್ಲಿಯವರೆಗೆ ವಾಚಕರಲ್ಲಿ ನನ್ನ ಕೋರಿಕೆ ಇಷ್ಟೆ: ಅಪರಿಚಿತ ಪ್ರದೇಶದಲ್ಲಿ, ಇರುಳಿನಲ್ಲಿ, ಪರದೆಯು ಹೇಳುವುದೂ ದೀಪದ ಬೆಳಕಿಗೆ ಕಾಣುವುದೂ ಬೇರೆಯಾದೆಡೆ, ದಯವಿಟ್ಟು ವಾಹನವನ್ನು ನಿಲ್ಲಿಸಿರಿ.